ಮೊಸಳೆ ಬಂದ ಸಬ್‌ಸ್ಟೇಷನ್ನು: 2023ರ ಬರ, ನಮ್ಮ ಕರೆಂಟು

2023ರ ಅಕ್ಟೋಬರ್‌ನಲ್ಲಿ ವಿಜಯಪುರ ಜಿಲ್ಲೆ ಕೊಲ್ಹಾರ ತಾಲ್ಲೂಕಿನ ರೋಣಿಹಾಳದ ರೈತರು ಒಂದು ಮೊಸಳೆನ ಹಗ್ಗದಲ್ಲಿ ಬಿಗಿದು, ಟ್ರ್ಯಾಕ್ಟರ್ ಮೇಲೆ ಹಾಕ್ಕೊಂಡು ಸೀದಾ ಹೆಸ್ಕಾಂ ಸಬ್‌ಸ್ಟೇಷನ್ನಿಗೆ ತಂದು ಇಳಿಸಿದ್ರು. ರಾತ್ರಿ ಹೊಲಕ್ಕೆ ನೀರು ಹಾಯಿಸೋಕೆ ಹೋದಾಗ ಸಿಕ್ಕಿದ ಮೊಸಳೆ ಅದು. ಅವರು ಕೇಳಿದ್ದು ಇಷ್ಟೇ, ನೀವು ರಾತ್ರಿ ಕರೆಂಟ್ ಕೊಡ್ತೀರ, ನಾವು ಕತ್ತಲಲ್ಲಿ ಹೊಲಕ್ಕೆ ಹೋಗ್ತೀವಿ, ಇದು ಕಚ್ಚಿದ್ರೆ ಯಾರು ಹೊಣೆ? ಆಮೇಲೆ ಅರಣ್ಯ ಇಲಾಖೆಯೋರು ಬಂದು ಮೊಸಳೆನ ಒಯ್ದು ನೀರಿಗೆ ಬಿಟ್ರು, ವಿಡಿಯೋ ದೇಶ ಪೂರ್ತಿ ಓಡಾಡ್ತು, ಜನ ನಕ್ಕು ಮರೆತ್ರು.

ನಾನು ಮರೆಯೋಕಾಗ್ಲಿಲ್ಲ. ಯಾಕಂದ್ರೆ ಆ ವರ್ಷ ಟೀವಿಲಿ, ವಿಧಾನಸೌಧದಲ್ಲಿ ಎಲ್ಲಾ ಕಡೆ ನಡೀತಿದ್ದ ಚರ್ಚೆ ಬರೀ ‘ಎಷ್ಟು’ ಅನ್ನೋದ್ರ ಮೇಲೆ. ಎಷ್ಟು ಮೆಗಾವ್ಯಾಟ್ ಬೇಕು, ಎಷ್ಟು ಕಮ್ಮಿ ಬಿತ್ತು, ಎಷ್ಟಕ್ಕೆ ಕೊಂಡ್ಕೊಂಡ್ರಿ. ರೋಣಿಹಾಳದೋರು ಕೇಳಿದ್ದು ‘ಯಾವಾಗ’ ಅಂತ. ನನಗನ್ಸೋದು, 2023-24ರ ಬರ ಮತ್ತು ಕರೆಂಟ್ ಕಥೆನ ಪೂರ್ತಿ ಅರ್ಥ ಮಾಡ್ಕೋಬೇಕು ಅಂದ್ರೆ ಆ ‘ಯಾವಾಗ’ ಅನ್ನೋ ಕಡೆಯಿಂದಲೇ ಒಳಗೆ ಹೋಗ್ಬೇಕು.

ಮೊದಲು ಮಳೆ. ಜೂನ್ ಕೈಕೊಡ್ತು, ಜುಲೈನಲ್ಲಿ ಒಂದಷ್ಟು ಸುರೀತು, ಸರಿಹೋಯ್ತು ಅಂದ್ಕೊಂಡು ಜನ ಬಿತ್ತಿದ್ರು. ಆಮೇಲೆ ಆಗಸ್ಟ್ ಬಂತು ನೋಡಿ. 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶದಲ್ಲೇ ಅತಿ ಒಣ ಆಗಸ್ಟ್ ಅದು, ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮಳೆ ಕೆಡಿಸೋ ಎಲ್ ನಿನೊ ವರ್ಷ ಬೇರೆ. ಬಿತ್ತಿದ್ದೆಲ್ಲಾ ಮೊಣಕಾಲೆತ್ತರಕ್ಕೆ ಬಂದು ಅಲ್ಲೇ ಒಣಗ್ತಾ ನಿಂತ್ಕೊಳ್ತು. ಸೆಪ್ಟೆಂಬರ್ 13ಕ್ಕೆ ಸರ್ಕಾರ 195 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಮಾಡ್ತು, ಆಮೇಲೆ ಅದು ಏರ್ತಾ ಏರ್ತಾ 236ರಲ್ಲಿ 223ಕ್ಕೆ ಹೋಯ್ತು. ಅಂದ್ರೆ ಬರ ಇಲ್ಲದ ತಾಲ್ಲೂಕು ಬರೀ ಹದಿಮೂರು. ಅದೇ ಸೆಪ್ಟೆಂಬರ್ ಕೊನೇಲಿ ಕಾವೇರಿ ನೀರಿಗಾಗಿ ಒಂದು ಬೆಂಗಳೂರು ಬಂದ್, ಮೂರು ದಿನ ಬಿಟ್ಟು ಕರ್ನಾಟಕ ಬಂದ್.

ಇಲ್ಲಿ ಕರೆಂಟ್ ವಿಷಯ ಶುರುವಾಗುತ್ತೆ. ನಮ್ಮ ರಾಜ್ಯದ ಕರೆಂಟ್ ಹುಟ್ಟಿದ್ದೇ ನೀರಿನಲ್ಲಿ, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದಿದ್ರು, ಬೆಂಗಳೂರಿಗೆ ದೀಪ ಬಂದಿದ್ದು ಅದಾದ್ಮೇಲೆ 1905ರಲ್ಲಿ. ಈಗ್ಲೂ ಶರಾವತಿ ಒಂದೇ 1,035 ಮೆಗಾವ್ಯಾಟ್, ಕಾಳಿಲಿ ನಾಗಝರಿ, ಆ ಕಡೆ ವಾರಾಹಿ 460, ಎಲ್ಲಾ ಸೇರಿ 3,600ಕ್ಕಿಂತ ಜಾಸ್ತಿ ಜಲವಿದ್ಯುತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ ಈ ನೀರು ಈಗ ಬರೀ ಕರೆಂಟ್ ಮಾಡೋಕಲ್ಲ, ಅದು ಸಂಜೆ ಹೊತ್ತಿನ ಬ್ಯಾಟರಿ ಇದ್ದ ಹಾಗೆ. ಕಲ್ಲಿದ್ದಲ ಯೂನಿಟ್ ಒಂದನ್ನ ತಣ್ಣಗಿದ್ದಾಗ ಎಬ್ಬಿಸ್ಬೇಕು ಅಂದ್ರೆ ಗಂಟೆಗಟ್ಟಲೆ ಬೇಕು, ಆದ್ರೆ ಲಿಂಗನಮಕ್ಕಿ ನೀರನ್ನ ಟರ್ಬೈನ್‌ಗೆ ಬಿಟ್ರೆ ಕೆಲವೇ ನಿಮಿಷದಲ್ಲಿ ಕರೆಂಟ್ ಗ್ರಿಡ್ಡಿಗೆ ಬರುತ್ತೆ. ಹಗಲೆಲ್ಲಾ ಸೋಲಾರ್ ನಡೆಸುತ್ತೆ, ಆರು ಗಂಟೆಗೆ ಸೂರ್ಯ ಮುಳುಗ್ತಾನೆ, ಆಗ ಜನ ಮನೆಗೆ ಬಂದು ಲೈಟು ಫ್ಯಾನು ಟೀವಿ ಹಾಕ್ತಾರೆ, ಆ ಗುಂಡಿನ ತುಂಬೋದು ಹೈಡ್ರೋ. ಡ್ಯಾಮ್ ತುಂಬದ ವರ್ಷ ಈ ನೀರನ್ನ ಮುಂದಿನ ಜೂನ್‌ವರೆಗೂ ಎಣಿಸಿ ಎಣಿಸಿ ಬಿಡ್ಬೇಕು, ಇಲ್ಲಾಂದ್ರೆ ಏಪ್ರಿಲ್, ಮೇ ತಿಂಗಳಿಗೆ ಕೈ ಖಾಲಿ.

ಇನ್ನು ಗಾಳಿ. ಚಿತ್ರದುರ್ಗ, ಗದಗ ಕಡೆ ಗುಡ್ಡದ ಮೇಲಿನ ಫ್ಯಾನ್‌ಗಳು ಚೆನ್ನಾಗಿ ತಿರುಗೋದು ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೂ. ಅಕ್ಟೋಬರ್ ಬಂದ ಕೂಡ್ಲೇ ಗಾಳಿ ಬೀಳುತ್ತೆ. ಥರ್ಮಲ್ ಕಥೆನೂ ಇದಕ್ಕೆ ಹೊಂದ್ಕೊಂಡಿರುತ್ತೆ, ಮಳೆಗಾಲದಲ್ಲಿ ಬೇಡಿಕೆ ಕಮ್ಮಿ ಅಂತ ರಾಯಚೂರು, ಬಳ್ಳಾರಿ ಯೂನಿಟ್‌ಗಳನ್ನ ಸರ್ವಿಸ್‌ಗೆ ನಿಲ್ಲಿಸೋ ಕಾಲ ಅದು. ಇಡೀ ವ್ಯವಸ್ಥೆಯ ಕ್ಯಾಲೆಂಡರನ್ನ ‘ಮಳೆ ಬಂದೇ ಬರುತ್ತೆ’ ಅನ್ನೋ ನಂಬಿಕೆ ಮೇಲೆ ಬರೆದಿದ್ದು. ಇದು ತಪ್ಪು ಅಂತ ನಾನು ಹೇಳ್ತಿಲ್ಲ, ನಮ್ಮ ರೈತರ ಕ್ಯಾಲೆಂಡರೂ ಹಂಗೇ ಇರೋದು.

ಆದ್ರೆ ಬರ ಒಂದು ಕಡೆ ಕರೆಂಟ್ ಹುಟ್ಟೋದನ್ನ ಕಡಿಮೆ ಮಾಡ್ತಾ ಇನ್ನೊಂದು ಕಡೆ ಬೇಡಿಕೆನೂ ಏರಿಸುತ್ತೆ, ಜನ ಲೆಕ್ಕಕ್ಕೆ ತಗೊಳ್ಳದೇ ಇರೋದು ಇದನ್ನ. ರಾಜ್ಯದಲ್ಲಿ 30 ಲಕ್ಷಕ್ಕೂ ಜಾಸ್ತಿ ನೀರಾವರಿ ಪಂಪ್‌ಸೆಟ್ ಇವೆ, 10 ಎಚ್‌ಪಿವರೆಗೂ ಕರೆಂಟ್ ಫ್ರೀ. ಒಳ್ಳೆ ಮಳೆ ವರ್ಷದಲ್ಲಿ ಆಗಸ್ಟ್, ಸೆಪ್ಟೆಂಬರ್ ತಿಂಗಳು ಇವು ಸುಮ್ನೆ ಮಲಗಿರ್ತವೆ. ಮಳೆ ಬರ್ಲಿಲ್ಲ ಅಂದ್ರೆ? ಎಲ್ಲಾ ಒಟ್ಟಿಗೆ ಎದ್ದು ಕೂರ್ತವೆ. ಅದೂ ಅಲ್ದೆ ನೀರು ಕೆಳಗೆ ಹೋಗಿರುತ್ತೆ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ: ಸಾವಿರ ಲೀಟರ್ ನೀರನ್ನ 100 ಮೀಟರ್ ಮೇಲೆತ್ತೋಕೆ ಲೆಕ್ಕದ ಪ್ರಕಾರ 0.27 ಯೂನಿಟ್ ಸಾಕು, ಆದ್ರೆ ನಮ್ಮ ಹೊಲದ ಮೋಟ್ರು, ಹಳೇ ಪೈಪು, ಮೂರು ಸಲ ವೈಂಡಿಂಗ್ ಮಾಡ್ಸಿದ್ದು, ಇದೆಲ್ಲಾ ಸೇರಿ ಮೂರರಲ್ಲಿ ಒಂದು ಪಾಲು ಮಾತ್ರ ಕೆಲಸಕ್ಕೆ ಬಂತು ಅಂದ್ಕೊಳ್ಳಿ, ಆಗ 0.8 ಯೂನಿಟ್ ಆಯ್ತು. ಅದೇ ಸಾವಿರ ಅಡಿ, ಅಂದ್ರೆ ಸುಮಾರು 300 ಮೀಟರ್ ಬೋರ್ ಆಗಿ ನೀರು ತಳದಲ್ಲಿದ್ರೆ ಎರಡೂವರೆ ಯೂನಿಟ್. ಅದೇ ನೀರು, ಅದೇ ಬೆಳೆ, ಮೂರು ಪಟ್ಟು ಕರೆಂಟು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಸಾವಿರ ಅಡಿ ಅನ್ನೋದು ಈಗ ಯಾರೂ ಹುಬ್ಬೇರಿಸೋ ಮಾತೇ ಅಲ್ಲ.

ಹಿಂಗಾಗಿ ಹಿಂದಿನ ವರ್ಷ ಅಕ್ಟೋಬರ್‌ನಲ್ಲಿ ಹತ್ತು ಸಾವಿರ ಮೆಗಾವ್ಯಾಟ್ ಆಸುಪಾಸು ಇದ್ದ ಬೇಡಿಕೆ 2023ರಲ್ಲಿ ಹದಿನೈದು ಸಾವಿರ ದಾಟ್ತು. ಬೇಸಿಗೆ ಅಂಕಿ ಮಳೆಗಾಲದ ಕೊನೇಲೇ ಬಂದ್ಬಿಡ್ತು. 2024ರ ಮಾರ್ಚ್ ಹೊತ್ತಿಗೆ ಅದು 17,000 ಕೂಡ ದಾಟ್ತು. ಆಗ ತುಂಬಾ ಜನ ಗೃಹಜ್ಯೋತಿ ಮೇಲೆ ಬೆರಳು ತೋರ್ಸಿದ್ರು, ಜುಲೈನಿಂದ 200 ಯೂನಿಟ್ ಫ್ರೀ ಕೊಟ್ಟಿದ್ದಕ್ಕೇ ಹಿಂಗಾಯ್ತು ಅಂತ. ನನಗೆ ಆ ವಾದ ಸರಿ ಅನ್ಸಲ್ಲ. ಸೀದಾ ಕಾರಣ ಇದೆ: ಮನೆ ಬಳಕೆ ಏರಿದ್ರೆ ಉಬ್ಬು ಕಾಣ್ಬೇಕಿದ್ದಿದ್ದು ಸಂಜೆ, ಆದ್ರೆ ನಮ್ಮ ರಾಜ್ಯದ ಪೀಕ್, ಅಂದ್ರೆ ಬೇಡಿಕೆ ತುತ್ತತುದಿ, ಬೀಳೋದು ಬೆಳಗ್ಗೆ ಹೊತ್ತು, ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಬಿಟ್ಟಾಗ.

ಈಗ ರಾತ್ರಿ ವಿಷಯಕ್ಕೆ ಬರೋಣ, ಮೊಸಳೆ ಬಂದಿದ್ದು ಅಲ್ಲಿಂದ ತಾನೇ.

ಹಳ್ಳಿ ಕಡೆ ಇಲ್ಲದೇ ಇರೋರಿಗೆ ಹೇಳ್ಬೇಕು, ಮನೆ ಲೈನ್ ಬೇರೆ, ಮೋಟ್ರು ಲೈನ್ ಬೇರೆ. ನಿರಂತರ ಜ್ಯೋತಿ ಅಂತ ಬಂದ್ಮೇಲೆ ತುಂಬಾ ಕಡೆ ಫೀಡರ್, ಅಂದ್ರೆ ಸಬ್‌ಸ್ಟೇಷನ್ನಿಂದ ಹೊರಡೋ ಲೈನ್, ಬೇರೆ ಮಾಡಿದ್ರು, ಮನೆಗೆ ದಿನ ಪೂರ್ತಿ, ಪಂಪ್‌ಸೆಟ್‌ಗೆ ಏಳು ಗಂಟೆ ತ್ರೀ ಫೇಸ್. ಈ ಏಳು ಗಂಟೆನ ಒಟ್ಟಿಗೆ ಕೊಡಲ್ಲ. ಒಂದೇ ಸಬ್‌ಸ್ಟೇಷನ್ನಿಂದ ಎಲ್ಲಾ ಮೋಟ್ರು ಒಟ್ಟಿಗೆ ಎದ್ರೆ ಲೈನ್ ತಡ್ಕೊಳಲ್ಲ, ಅದಕ್ಕೆ ಪಾಳಿ. ಹಗಲು ನಾಲ್ಕು, ರಾತ್ರಿ ಮೂರು, ಹಿಂಗೆ. ಒಂದು ವಾರ ನಿಮ್ಮೂರಿಗೆ ಹಗಲು ಜಾಸ್ತಿ, ಮುಂದಿನ ವಾರ ನಮ್ಮೂರಿಗೆ. ಬರದ ವರ್ಷ ಅಕ್ಟೋಬರ್‌ನಲ್ಲಿ ಈ ಏಳು ಐದಕ್ಕೆ ಇಳೀತು, ಆ ಐದೂ ಹೇಳಿದ ಟೈಮಿಗೆ ಬರ್ತಿರ್ಲಿಲ್ಲ. ಎಷ್ಟೋ ಜಿಲ್ಲೆಲಿ ರೈತರು ಬೀದಿಗೆ ಬಂದ್ರು, ಆಮೇಲೆ ಮತ್ತೆ ಏಳು ಗಂಟೆ ಕೊಡ್ತೀವಿ ಅಂತ ಸರ್ಕಾರ ಹೇಳ್ಬೇಕಾಯ್ತು.

ಶಿರಾ ಕಡೆ ನಮ್ಮ ಚಿಕ್ಕಪ್ಪನ ಹೊಲ ಇದೆ, ಆ ವರ್ಷ ದೀಪಾವಳಿಗೆ ಹೋಗಿದ್ದಾಗ ನೋಡಿದ್ದು. ರಾತ್ರಿ ಎರಡೂ ಹತ್ತಕ್ಕೆ ಅಲಾರಂ. ಕರೆಂಟ್ ಬರೋದು ಎರಡು ಗಂಟೆಗೆ ಅಂತ ಮಾತು, ಹತ್ತು ನಿಮಿಷ ಯಾಕಪ್ಪಾ ಅಂದ್ರೆ, ಬಂದ ಕೂಡ್ಲೇ ಎಲ್ಲರ ಆಟೋ ಸ್ಟಾರ್ಟರ್ ಒಂದೇ ಸಲ ಟಕ್ ಅಂತ ಎಳೆಯುತ್ತೆ, ವೋಲ್ಟೇಜ್ ಪಾತಾಳಕ್ಕೆ ಬೀಳುತ್ತೆ, ಆ ಹೊತ್ತಿನಲ್ಲಿ ಮೋಟ್ರು ಎದ್ರೆ ಸುಡುತ್ತೆ, ಅದಕ್ಕೆ ಸ್ವಲ್ಪ ತಡೆದು ಹಾಕ್ಬೇಕು. ಆದ್ರೆ ಎಲ್ಲರೂ ಹಿಂಗೆ ಯೋಚನೆ ಮಾಡಲ್ವಲ್ಲ. ಸ್ಟಾರ್ಟರನ್ನ ಆಟೋಗೆ ಹಾಕಿ ಮಲಗ್ತಾರೆ, ಟೀಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಸುಟ್ಟೋಗುತ್ತೆ, ಒಂದು ಟೀಸಿ ಹೋದ್ರೆ ಅದ್ರ ಕೆಳಗಿರೋ ಅಷ್ಟೂ ಹೊಲ ಒಣಗುತ್ತೆ, ಹೊಸದು ಬರೋವರೆಗೂ ದಿನ ಎಣಿಸ್ತಾ ಕೂರೋದು. ಆಟೋಗೆ ಹಾಕ್ಬೇಡಿ ಅಂತ ಲೈನ್‌ಮ್ಯಾನ್ ಬೈತಾನೆ. ಅವನ ಮಾತು ತಾಂತ್ರಿಕವಾಗಿ ನೂರಕ್ಕೆ ನೂರು ಸರಿ. ಆದ್ರೆ ಆಟೋಗೆ ಹಾಕ್ಲಿಲ್ಲ ಅಂದ್ರೆ ಯಾರೋ ಒಬ್ರು ಎದ್ದು ಟಾರ್ಚ್ ಹಿಡ್ಕೊಂಡು ಹೋಗ್ಬೇಕು. ಯಾರು ಹೋಗ್ಬೇಕು? ನಮ್ಮ ಚಿಕ್ಕಪ್ಪನಿಗೆ ಅರವತ್ತು ದಾಟಿದೆ, ಮಗ ಪೀಣ್ಯದಲ್ಲಿ ಕೆಲಸಕ್ಕಿದ್ದಾನೆ. ಹಾವು ಚೇಳು, ಒದ್ದೆ ನೆಲ, ತುಂಡಾಗಿ ಬಿದ್ದ ವೈರು, ಕರಡಿ ಓಡಾಡೋ ಗುಡ್ಡ, ಈ ಲೆಕ್ಕ ಯಾವ ಮೆಗಾವ್ಯಾಟ್ ಟೇಬಲ್ಲಿನಲ್ಲೂ ಬರಲ್ಲ. ಗಂಡಸರು ಊರಲ್ಲಿಲ್ಲದ ಮನೆಗಳಲ್ಲಿ ಹೆಂಗಸರೇ ಹೋಗೋದು, ಒಬ್ರೇ ಹೋಗೋಕಾಗಲ್ಲ ಅಂತ ಇಬ್ರು ಎದ್ದು ಹೋಗ್ತಾರೆ, ಬೆಳಗ್ಗೆ ಕೂಲಿಗೂ ಅವ್ರೇ ಹೋಗ್ಬೇಕು.

ಕರೆಂಟ್ ಕೊರತೆ ಅಂತ ಪೇಪರ್‌ನಲ್ಲಿ ಬರೋದು ರಾಜ್ಯಕ್ಕೆಲ್ಲಾ ಒಂದೇ ಅಂಕಿ. ನಿಜವಾಗ್ಲೂ ಆಗೋದು ಏನಂದ್ರೆ ಆ ಕೊರತೆನ ಗಂಟೆಗಳಾಗಿ ಒಡೆದು ಹಂಚ್ತಾರೆ, ಕೆಟ್ಟ ಗಂಟೆಗಳೆಲ್ಲಾ ಒಂದೇ ಥರದ ಜನರ ಪಾಲಿಗೆ ಬರ್ತವೆ.

ಸರ್ಕಾರ ಸುಮ್ನೆ ಕೂತಿತ್ತು ಅಂತ ಹೇಳೋಕಾಗಲ್ಲ. ಅಕ್ಟೋಬರ್‌ನಲ್ಲಿ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಹಾಕಿ, ರಾಜ್ಯದೊಳಗಿರೋ ಖಾಸಗಿ ಉತ್ಪಾದಕರು ಕರೆಂಟನ್ನ ಹೊರಗೆ ಮಾರದೆ ಇಲ್ಲೇ ಕೊಡ್ಬೇಕು ಅಂತ ಕಟ್ಟುಮಾಡಿದ್ರು. ಉತ್ತರ ಪ್ರದೇಶ ಮತ್ತೆ ಪಂಜಾಬ್ ಜೊತೆ ಅದಲು ಬದಲು ಒಪ್ಪಂದ ಆಯ್ತು, ಇದು ನನಗೆ ತುಂಬಾ ಇಷ್ಟ ಆದ ಭಾಗ. ಚಳಿಗಾಲದಲ್ಲಿ ಅವ್ರಿಗೆ ಬೇಡಿಕೆ ಕಮ್ಮಿ, ಆಗ ನಮಗೆ ಕೊಡೋದು. ಮಳೆಗಾಲದಲ್ಲಿ ನಮ್ಮ ಗಾಳಿ ಫ್ಯಾನು ಜೋರಾಗಿ ತಿರುಗುತ್ತೆ, ಅಲ್ಲಿ ಭತ್ತದ ನಾಟಿ, ಸೆಕೆ, ಆಗ ನಾವು ವಾಪಸ್ ಕೊಡೋದು. ಹಳ್ಳಿಲಿ ಮುಯ್ಯಾಳು ಅಂತಾರಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು, ಅದೇ, ಸಾವಿರಾರು ಕಿಲೋಮೀಟರ್ ವೈರಿನ ಮೇಲೆ. ಹಣ ಕಮ್ಮಿ ಓಡಾಡುತ್ತೆ, ಎರಡೂ ಕಡೆಯೋರ ಋತು ಕೆಲಸಕ್ಕೆ ಬರುತ್ತೆ. ಆದ್ರೆ ಈ ಮುಯ್ಯಿ ತೀರಿಸ್ಬೇಕು ಅಂದ್ರೆ ಮುಂದಿನ ಮಳೆಗಾಲ ಸರಿಯಾಗಿರ್ಬೇಕು. 2024ರಲ್ಲಿ ಮಳೆ ಆಯ್ತು, ಜುಲೈಗೆಲ್ಲಾ ಕೆಆರ್‌ಎಸ್ ತುಂಬ್ತು, ಬಚಾವ್. ಎರಡು ವರ್ಷ ಸಾಲಾಗಿ ಬರ ಬಿದ್ದಿದ್ರೆ ಅನ್ನೋದನ್ನ ಯೋಚನೆ ಮಾಡೋಕೆ ಭಯ ಆಗುತ್ತೆ.

ಬೆಂಗಳೂರಿನೋರಿಗೆ ಈ ಬರ ಗೊತ್ತಾಗಿದ್ದು 2024ರ ಫೆಬ್ರುವರಿ, ಮಾರ್ಚಿನಲ್ಲಿ. ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಒಣಗಿದ್ವು, ಉಪ ಮುಖ್ಯಮಂತ್ರಿ ಡಿ. ಕೆ. ಶಿವಕುಮಾರ್ ತಮ್ಮ ಮನೆ ಬೋರೂ ಒಣಗಿದೆ ಅಂತ ಹೇಳಿದ್ರು. ಆಗ ಎಲ್ಲರೂ ಟ್ಯಾಂಕರ್ ರೇಟ್ ಬಗ್ಗೆನೇ ಮಾತಾಡಿದ್ರು. ಆದ್ರೆ ಆ ಊರಿಗೆ ಕಾವೇರಿ ನೀರು ಬರೋದೂ ಕರೆಂಟಿನಲ್ಲೇ ಅನ್ನೋದನ್ನ ಯಾರೂ ಎತ್ಲಿಲ್ಲ: ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ, ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತರೋದು. ಅಲ್ಲಿ ಪಂಪ್‌ಗೆ ರಾತ್ರಿ ಪಾಳಿ ಇಲ್ಲ, ಇಪ್ಪತ್ನಾಲ್ಕು ಗಂಟೆ ಕರೆಂಟು. ಇರ್ಲಿ, ಕುಡಿಯೋ ನೀರು, ಬೇಡ ಅನ್ನೋಕಾಗಲ್ಲ. ಚಿಕ್ಕಪ್ಪನ ಮಗನೂ ಅದೇ ನೀರು ಕುಡಿಯೋದು.

ಪಾವಗಡದ ಬಗ್ಗೆ ಹೇಳದೆ ಈ ಪ್ರಕರಣ ಮುಗಿಯಲ್ಲ. ಶಿರಾದಿಂದ ದೂರ ಏನಿಲ್ಲ, ಅದೇ ಜಿಲ್ಲೆ. ಮೂರು ಕಡೆ ಆಂಧ್ರ ಸುತ್ಕೊಂಡಿರೋ ತಾಲ್ಲೂಕು, ಶೇಂಗಾ ಬೆಳೆಯೋ ನೆಲ, ಕುಡಿಯೋ ನೀರಲ್ಲಿ ಫ್ಲೋರೈಡು, ಬರ ಅನ್ನೋದು ಅಲ್ಲಿ ಸುದ್ದಿನೇ ಅಲ್ಲ. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಅಂತ ಐದು ಊರಿನ ಸುಮಾರು 13,000 ಎಕರೆ ಮೇಲೆ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯನವರು ಉದ್ಘಾಟನೆ ಮಾಡಿದ್ದು, 2019ರ ಕೊನೆಗೆ ಪೂರ್ತಿ ಆಯ್ತು. ಇಲ್ಲಿನ ಹೊಸ ವಿಷಯ ಏನಂದ್ರೆ ಜಮೀನು ಕಿತ್ಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಮಳೆ ನಂಬ್ಕೊಂಡು ಶೇಂಗಾ ಹಾಕಿ ಬೀಜದ ದುಡ್ಡೂ ಹುಟ್ಟದೇ ಇದ್ದ ನೆಲಕ್ಕೆ ಇದು ದೊಡ್ಡದೇ, ಅದನ್ನ ಒಪ್ಪಬೇಕು. 2023ರಲ್ಲಿ ಸುತ್ತ ಎಲ್ಲರ ಬೆಳೆ ಒಣಗ್ತಾ ಇದ್ದಾಗ, ಹತ್ತು ಎಕರೆ ಗುತ್ತಿಗೆ ಕೊಟ್ಟೋನ ಮನೆಗೆ ಬಾಡಿಗೆ ಬರೋದು ನಿಲ್ಲಲಿಲ್ಲ. ಬರಕ್ಕೆ ಇದಕ್ಕಿಂತ ಒಳ್ಳೆ ವಿಮೆ ಇನ್ನೊಂದಿಲ್ಲ.

ಆದ್ರೆ ವಿಮೆ ಯಾರಿಗೆ? ಜಮೀನು ಇದ್ದೋನಿಗೆ. ಆ ಜಮೀನಲ್ಲಿ ಕಳೆ ಕೀಳ್ತಿದ್ದೋರು, ಶೇಂಗಾ ಬಿಡಿಸ್ತಿದ್ದೋರು, ಕುರಿ ಮೇಯಿಸ್ತಿದ್ದೋರು, ಜಾಸ್ತಿ ದಲಿತರು, ಹಿಂದುಳಿದೋರು, ಅವರಿಗೆ ಗುತ್ತಿಗೆ ಹಾಳೆಲಿ ಹೆಸರಿಲ್ಲ. ಬೇಲಿ ಬಂತು, ಮೇವಿನ ದಾರಿ ಮುಚ್ಚಿಹೋಯ್ತು, ಕುರಿ ಮಾರಿದ್ರು. ಸಿಕ್ಕಿದ ಕೆಲಸ ಅಂದ್ರೆ ಸೆಕ್ಯೂರಿಟಿ, ಹುಲ್ಲು ಕೊಯ್ಯೋದು, ಪ್ಯಾನೆಲ್ ತೊಳೆಯೋದು, ಅದೂ ಎಲ್ಲರಿಗೂ ಇಲ್ಲ. ಪ್ಯಾನೆಲ್ ತೊಳೆಯೋಕೆ ನೀರು ಬೇಕು ಅನ್ನೋದು ಇನ್ನೊಂದು ಮಾತು, ಬರದ ನಾಡಿನಲ್ಲಿ ಗಾಜು ತೊಳೆಯೋಕೆ ನೀರು.

ಮತ್ತೆ ‘ಯಾವಾಗ’ ಅನ್ನೋದಕ್ಕೇ ಬರ್ತೀನಿ. ಅಷ್ಟು ದೊಡ್ಡ ಪಾರ್ಕು ಮಧ್ಯಾಹ್ನ ರಾಜ್ಯನ ಹೊತ್ಕೊಂಡು ನಿಲ್ಲುತ್ತೆ, ಸಂಜೆ ಏಳಕ್ಕೆ ಸೊನ್ನೆ. ಅಲ್ಲಿ ಹುಟ್ಟಿದ ಕರೆಂಟು ಹೈ ಟೆನ್ಷನ್ ಲೈನ್ ಹತ್ತಿ ಗ್ರಿಡ್ಡಿಗೆ ಹೋಗುತ್ತೆ, ಬೇಲಿ ಪಕ್ಕದ ಊರಿನ ಮೋಟ್ರಿಗೆ ಯಾವಾಗ ಕೊಡ್ಬೇಕು ಅನ್ನೋದನ್ನ ನಿರ್ಧಾರ ಮಾಡೋದು ಫೀಡರ್ ಪಾಳಿ. ಸೋಲಾರ್ ಪಕ್ಕದಲ್ಲೇ ಮನೆ, ಆದ್ರೂ ರಾತ್ರಿ ಟಾರ್ಚು.

ಮಧ್ಯಾಹ್ನದ ಕರೆಂಟನ್ನ ಸಂಜೆಗೆ ಹೊತ್ಕೊಂಡು ಹೋಗೋಕೆ ಸರ್ಕಾರ ಹೇಳ್ತಿರೋ ದಾರಿ ಶರಾವತಿ ಪಂಪ್ಡ್ ಸ್ಟೋರೇಜು. ತಲಕಳಲೆ ಮೇಲೆ, ಗೇರುಸೊಪ್ಪ ಕೆಳಗೆ, ಹಗಲು ಸೋಲಾರ್ ಕರೆಂಟಿನಲ್ಲಿ ನೀರು ಮೇಲೆತ್ತಿ ಸಂಜೆ ಇಳಿಸೋದು, 2,000 ಮೆಗಾವ್ಯಾಟ್. ಎಂಜಿನಿಯರಿಂಗ್ ಆಗಿ ಚೆನ್ನಾಗಿದೆ, ಅದೇ ನೀರು ತಿರುಗ್ತಾ ಇರೋದ್ರಿಂದ ಬರದ ವರ್ಷನೂ ನಡೆಯುತ್ತೆ. ಆದ್ರೆ ಜಾಗ ಸಿಂಗಳೀಕಗಳ ಅಭಯಾರಣ್ಯ, ಮಲೆನಾಡಿನ ಗಟ್ಟಿ ಕಾಡು. ಅದೂ ಅಲ್ದೆ 1960ರ ದಶಕದಲ್ಲಿ ಲಿಂಗನಮಕ್ಕಿಗೆ ಮುಳುಗಿ ಎದ್ದುಬಂದ ಕುಟುಂಬಗಳಲ್ಲಿ ಎಷ್ಟೋ ಜನ ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಾ ಇದ್ದಾರೆ, ಅಂಥ ಕಣಿವೆಗೆ ಹೋಗಿ ‘ರಾಜ್ಯಕ್ಕೆ ಕರೆಂಟ್ ಬೇಕು, ಸ್ವಲ್ಪ ಸಹಕರಿಸಿ’ ಅಂದ್ರೆ ಅವರು ಹೆಂಗೆ ಕೇಳಿಸ್ಕೊಳ್ತಾರೆ ನೀವೇ ಹೇಳಿ. ಬ್ಯಾಟರಿ ಇಡೋದೂ ಒಂದು ದಾರಿ ಇದೆ, ಬೆಲೆನೂ ಇಳೀತಿದೆ. ಕಾಡು ಕಡಿಯೋಕೆ ಮುಂಚೆ ಅದ್ರ ಲೆಕ್ಕ ಎಲ್ಲರ ಮುಂದೆ ಇಡ್ಲಿ ಅನ್ನೋದು ನನ್ನ ಅಭಿಪ್ರಾಯ.

ನನಗೆ ಇದೆಲ್ಲಕ್ಕಿಂತ ಸೀದಾ ಕಾಣೋ ದಾರಿ ಸಣ್ಣದು. ಪಂಪ್‌ಸೆಟ್ ಫೀಡರ್ ಇರೋ ಸಬ್‌ಸ್ಟೇಷನ್ ಪಕ್ಕದಲ್ಲೇ ಕೆಲವೇ ಮೆಗಾವ್ಯಾಟ್ ಸೋಲಾರ್ ಹಾಕಿ ಆ ಫೀಡರಿಗೆ ಹಗಲಲ್ಲೇ ಕೊಡೋದು. ಕೇಂದ್ರದ ಪಿಎಂ ಕುಸುಮ್ ಯೋಜನೆಯ ಒಂದು ಭಾಗ ಇದು, ಕುಸುಮ್ ಸಿ ಅಂತ ಕರೀತಾರೆ, 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ಒಂದನ್ನ ಮುಖ್ಯಮಂತ್ರಿ ಉದ್ಘಾಟನೆ ಮಾಡಿದ್ರು. ಇದ್ರಲ್ಲಿ ಒಂದು ಚೆಂದ ಇದೆ: ಬರದ ಆಗಸ್ಟ್ ಅಂದ್ರೆ ಮೋಡ ಇಲ್ಲದ ಆಗಸ್ಟು. ಮೋಟ್ರು ಜಾಸ್ತಿ ಬೇಕಾಗೋ ದಿನನೇ ಬಿಸಿಲೂ ಜಾಸ್ತಿ. ಡ್ಯಾಮಿಗೆ ಬರ ಬಂದ್ರೆ ಎರಡೂ ಕಡೆ ಏಟು, ಬಿಸಿಲಿಗೆ ಹಂಗಲ್ಲ. ದೂರದಿಂದ ಲೈನ್ ಎಳೆಯೋದಿಲ್ಲ, ರಾತ್ರಿ ಪಾಳಿ ಇಲ್ಲ, ಸಂಜೆ ಗುಂಡಿ ಅಷ್ಟರಮಟ್ಟಿಗೆ ಸಣ್ಣದಾಗುತ್ತೆ.

ಇದನ್ನೆಲ್ಲಾ ಉತ್ಸಾಹದಿಂದ ಹೋದ ಸಲ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಹೇಳ್ದೆ. ಪೂರ್ತಿ ಕೇಳಿದ್ರು, ಬೀಡಿ ಆರಿಸಿದ್ರು. ಹಗಲು ಕೊಟ್ರೆ ನಿದ್ದೆ ಮಾಡ್ತೀನಿ, ಅದು ಸರಿ ಕಣಪ್ಪ ಅಂದ್ರು. ಆದ್ರೆ ನಮ್ಮ ಬೋರು ಎರಡು ಗಂಟೆ ಓಡಿದ್ರೆ ಬರೀ ಗಾಳಿ ಹೊಡೆಯುತ್ತೆ, ಆಮೇಲೆ ನೀರು ಊರೋಕೆ ನಾಲ್ಕು ಗಂಟೆ ಬಿಡ್ಬೇಕು. ನೀವು ಹಗಲೆಲ್ಲಾ ಕರೆಂಟ್ ಕೊಟ್ರೆ ಪಕ್ಕದೋನು ಇನ್ನೂರಡಿ ಕೆಳಗಿಳಿಸ್ತಾನೆ, ನಾನೂ ಇಳಿಸ್ಬೇಕಾಗುತ್ತೆ. ಬೋರ್ ಲಾರಿ ರೇಟ್ ಅಡಿಗೆ ಎಷ್ಟಾಗಿದೆ ಗೊತ್ತಾ ನಿನಗೆ?